ಮುಗಿದ ಪುಸ್ತಕವನ್ನು ಯಾರಿಗೆ ಹೇಳುವುದು

ಪುಸ್ತಕವೊಂದನ್ನು ಓದಿ ಮುಗಿಸಿದ ಕೂಡಲೇ ಅದನ್ನು ಎಲ್ಲಿಡಬೇಕೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಅರ್ಧ ಓದಿದ ಪುಸ್ತಕಕ್ಕೆ ಜಾಗವುಂಟು. ದಿಂಬಿನ ಪಕ್ಕ, ಕಿಟಕಿಯ ಮೇಲೆ, ರೇಷ್ಮೆ ಸಾಕುವ ಹುಳುಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಚೀಲದಲ್ಲಿ. ಇನ್ನೂ ಓದದ ಪುಸ್ತಕಕ್ಕೂ ಕಪಾಟೆಂಬ ಧರ್ಮಛತ್ರವಿದೆ. ಆದರೆ ಈಗಷ್ಟೇ ಮುಗಿದ ಪುಸ್ತಕ ಮಾತ್ರ, ಮದುವೆಮನೆಯಲ್ಲಿ ಉಂಡು ಕೈ ತೊಳೆದು ನಿಂತ ದೂರದ ನೆಂಟನ ಹಾಗೆ, ಕೂರಲೂ ಆಗದೆ ಹೊರಡಲೂ ಆಗದೆ ಕೈಯಲ್ಲೇ ಉಳಿದುಬಿಡುತ್ತದೆ. ನಾನು ಅದನ್ನು ಹಿಡಿದುಕೊಂಡು ಅಂಗಳಕ್ಕೆ ಬರುತ್ತೇನೆ, ಹಸುವಿನ ಮುಖ ನೋಡುತ್ತೇನೆ, ಮತ್ತೆ ಒಳಗೆ ಹೋಗುತ್ತೇನೆ. ಅದರೊಳಗೆ ಅಷ್ಟು ಜನ ಅತ್ತು, ನಕ್ಕು, ಊರು ಬಿಟ್ಟು, ಊರು ಸೇರಿದ್ದಾರೆ. ಹೊರಗೆ ಯಾರಿಗೂ ಅದರ ಸುಳಿವಿಲ್ಲ. ಹಸು ಮೆಲುಕು ಹಾಕುತ್ತಿರುತ್ತದೆ. ಅದಾದರೂ ತಿಂದದ್ದನ್ನು ಮತ್ತೆ ಬಾಯಿಗೆ ತಂದುಕೊಳ್ಳುತ್ತದೆ, ನನಗೆ ಆ ಭಾಗ್ಯವೂ ಇಲ್ಲ.

ಹೀಗೆಂದ ಮಾತ್ರಕ್ಕೆ ನಾನು ದುಃಖದಲ್ಲಿದ್ದೇನೆಂದು ತಿಳಿಯಬೇಡಿ. ಇವತ್ತು ನನಗಾಗಿರುವ ಸಂತೋಷ ಒಲೆಯ ಮೇಲಿನ ಹಾಲಿನಂತೆ ಪಾತ್ರೆಯ ಕಂಠದವರೆಗೂ ಬಂದು ನಿಂತಿದೆ. ಅದನ್ನು ಈಗಲೇ ಹೇಳಿಬಿಡಲು ನಾಲಿಗೆ ತುರಿಸುತ್ತಿದೆ. ಆದರೆ ಕೊನೆಯಲ್ಲಿ ಹೇಳಬೇಕಾದದ್ದನ್ನು ಮೊದಲೇ ಹೇಳುವ ಚಟದಿಂದ ನಾನೊಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ಆದ್ದರಿಂದ ಕ್ರಮವಾಗಿ ಹೇಳುತ್ತೇನೆ. ನೀವೂ ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬನ್ನಿ.

ನನ್ನ ವಿದ್ಯಾಭ್ಯಾಸ ನಾಲ್ಕನೇ ಕ್ಲಾಸಿಗೆ ಮುಗಿಯಿತೆಂದು ಊರವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ರೇಷ್ಮೆ ತಟ್ಟೆಗಳ ಮೇಲೆ ಮುಂದುವರಿಯಿತು. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯಿಂದ ಕೊಂಚ ಒಳಗಿರುವ ನಮ್ಮೂರಿನಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಬೈಗುಳ ಎರಡರಲ್ಲೂ. ಆಗೆಲ್ಲ ಬಿದಿರಿನ ತಟ್ಟೆಗಳಲ್ಲಿ ಹುಳು ಸಾಕುತ್ತಿದ್ದೆವು. ಮರಿಹುಳುಗಳಿಗೆ ತಟ್ಟೆಯ ತಳದಲ್ಲಿ ಹಾಸಲು ಹಳೆಯ ಪೇಪರುಗಳನ್ನು ರದ್ದಿ ಅಂಗಡಿಯಿಂದ ತೂಕಕ್ಕೆ ತರುತ್ತಿದ್ದೆ. ಹಾಸುವ ಮೊದಲು ಒಮ್ಮೆ ಓದುತ್ತಿದ್ದೆ. ತೆಗೆಯುವಾಗ ಹಿಕ್ಕೆ ಕೊಡವಿ ಇನ್ನೊಮ್ಮೆ ಓದುತ್ತಿದ್ದೆ. ‘ತತ್ಪರಿಣಾಮ’, ‘ಉಪಸಂಹಾರ’, ‘ಅನಿರ್ವಚನೀಯ’ ಮೊದಲಾದ ದೊಡ್ಡ ದೊಡ್ಡ ಶಬ್ದಗಳೆಲ್ಲ ನನಗೆ ದಕ್ಕಿದ್ದು ಹೀಗೆ, ಹುಳುಗಳ ಎಂಜಲಾಗಿ. ಅವುಗಳನ್ನು ಈಗಲೂ ಎಲ್ಲಿ ಬಳಸಬೇಕೋ ಅಲ್ಲಿ ಬಿಟ್ಟು ಉಳಿದ ಕಡೆಯೆಲ್ಲ ಬಳಸುತ್ತೇನೆ.

ಪುರವಣಿಯಲ್ಲಿ ಬರುತ್ತಿದ್ದ ಧಾರಾವಾಹಿಗಳೆಂದರೆ ನನಗೆ ಪ್ರಾಣ. ಆದರೆ ರದ್ದಿ ಅಂಗಡಿಯವನಿಗೆ ಕಥೆಯ ಕ್ರಮದ ಹಂಗೇನಿದೆ? ನಾಯಕಿ ಬಾವಿಯ ಕಟ್ಟೆಯ ಮೇಲೆ ನಿಂತಿರುವ ವಾರ ಸಿಗುತ್ತಿತ್ತು. ಅವಳು ಬಿದ್ದಳೋ ಇಳಿದಳೋ ಎನ್ನುವ ವಾರ ಯಾರ ಮನೆಯ ಬೋಂಡ ಕಟ್ಟಲು ಹೋಗಿರುತ್ತಿತ್ತೋ ದೇವರೇ ಬಲ್ಲ. ನನ್ನ ಹೆಂಡತಿ ನಾರಾಯಣಮ್ಮನಿಗೆ ಓದು ಬರುತ್ತಿರಲಿಲ್ಲ. ಮರಿಹುಳುಗಳಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಾ ನಾನು ಓದುವುದನ್ನು ಕೇಳುತ್ತಿದ್ದಳು. ಓದು ನಿಂತ ಕಡೆ, ತಲೆ ಎತ್ತದೆ, ‘ಆಮೇಲೆ?’ ಎನ್ನುತ್ತಿದ್ದಳು. ಆಮೇಲಿನದು ನನ್ನ ಬಳಿ ಎಲ್ಲಿತ್ತು? ನಾನೇ ಕಟ್ಟುತ್ತಿದ್ದೆ. ಬಾವಿಕಟ್ಟೆ ಹತ್ತಿದ ನಾಯಕಿಯರನ್ನೆಲ್ಲ ಕೈಹಿಡಿದು ಕೆಳಗಿಳಿಸಿದೆ. ಒಬ್ಬಳನ್ನಂತೂ ಓದಿಸಿ ಪೋಸ್ಟ್‌ಮಾಸ್ಟರನ್ನಾಗಿ ಮಾಡಿದೆ. ನಾನು ಓದುತ್ತಿಲ್ಲ, ಕಟ್ಟುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತೋ ಏನೋ. ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಆದರೆ ಅವಳು ಕೇಳಿದ್ದು ‘ಆಮೇಲೆ?’ ಒಂದನ್ನೇ. ಅವಳು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಆಡಲಿಲ್ಲ.

ಮನೆ ಖಾಲಿಯೇನಲ್ಲ. ಮಗ ವೇಮಗಲ್ಲಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಾನೆ. ಸೊಸೆ ಸುಜಾತ ಹಸು, ಹುಳು, ಒಲೆ ಮೂರನ್ನೂ ಒಟ್ಟಿಗೆ ನೋಡುತ್ತಾಳೆ. ಮೊಮ್ಮಗಳು ಚೈತ್ರ ಮುಳಬಾಗಿಲಿಗೆ ಬಸ್ಸಿನಲ್ಲಿ ಹೋಗಿ ಎರಡನೇ ಪಿಯುಸಿ ಓದುತ್ತಾಳೆ. ಇವರ ನಡುವೆ ಒಂಟಿಯಾಗಿರುವುದು ಹೇಗೆಂದು ನೀವು ಕೇಳಬಹುದು. ತಟ್ಟೆ ತುಂಬ ಅನ್ನವಿದ್ದು ಸಾರಿಲ್ಲದಿದ್ದರೆ ಹೇಗಿರುತ್ತದೋ ಹಾಗೆ. ಎಲ್ಲರೂ ಇದ್ದಾರೆ, ಎಲ್ಲರೂ ಒಳ್ಳೆಯವರು, ಯಾರಿಗೂ ಪುರುಸೊತ್ತಿಲ್ಲ.

ಚೈತ್ರಳಿಗೆ ಅವಳ ಕಾಲೇಜಿನ ಕನ್ನಡ ಮೇಡಂ ಕಾದಂಬರಿಗಳನ್ನು ಕೊಡುತ್ತಾರೆ. ಹೊಳೆಯುವ ರಕ್ಷಾಪುಟದ, ಹೊಸ ಕಾಗದದ ವಾಸನೆಯ, ಹದಿನಾರು ಹದಿನೇಳರ ಹುಡುಗ ಹುಡುಗಿಯರ ಕಥೆಗಳು. ಜೊತೆಗೆ ಈಗಿನ ಪಟ್ಟಣದವರ ಬದುಕಿನವೂ ಒಂದಷ್ಟು. ಅವಳು ಒಂದನ್ನು ಮನೆಯಲ್ಲಿ ಮರೆತು ಹೋದ ದಿನ ನಾನು ಕೈಗೆತ್ತಿಕೊಂಡೆ. ಸಂಜೆ ಬಸ್ಸಿಳಿದು ಬಂದವಳು ನನ್ನ ಕೈಯಲ್ಲಿ ಅದನ್ನು ನೋಡಿ ಬೆರಗಾಗಿ, ತಾತಾ ನಿನಗೆ ಇದು ಅರ್ಥ ಆಗುತ್ತಾ ಎಂದು ಕೇಳಿದಳು. ಅರ್ಥವಾಗುವುದಿಲ್ಲ, ಆದರೆ ಬಿಡಲಾಗುತ್ತಿಲ್ಲ ಎಂದೆ. ಅವಳು ನಕ್ಕಳು. ಅಲ್ಲಿಂದ ನಮ್ಮದೊಂದು ಏರ್ಪಾಡಾಯಿತು. ಹಗಲು ಅವಳು ಕಾಲೇಜಿನಲ್ಲಿರುವಾಗ ಪುಸ್ತಕ ನನ್ನದು, ಸಂಜೆ ಅವಳದು. ಎಲ್ಲಿಯವರೆಗೆ ಬಂದಿದ್ದೇವೆಂಬ ಗುರುತಿಗೆ ಅವಳು ಬಸ್ಸಿನ ಫ್ರೀ ಟಿಕೆಟ್ ಇಡುತ್ತಿದ್ದಳು, ನಾನು ಹಿಪ್ಪುನೇರಳೆ ಎಲೆ ಇಡುತ್ತಿದ್ದೆ. ಎಲೆಯಿಂದ ಕಾಗದಕ್ಕೆ ಕಲೆಯಾಗುತ್ತದೆಂದು ಮೇಡಂ ಗೊಣಗಿದರಂತೆ. ಆಮೇಲೆ ಒಣಗಿದ ಎಲೆ ಇಡತೊಡಗಿದೆ.

ಈ ಕಾದಂಬರಿಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ಮೊದಲ ತಕರಾರು, ಇವುಗಳಲ್ಲಿ ತಾತಂದಿರ ಆಯುಷ್ಯ ತೀರ ಕಡಿಮೆ. ಮೂರನೇ ಅಧ್ಯಾಯದಲ್ಲಿ ಪ್ರೀತಿಯಿಂದ ಮೊಮ್ಮಗನ ತಲೆ ಸವರುವ ತಾತ ಆರನೆಯದರಲ್ಲಿ ಕೆಮ್ಮುತ್ತಾನೆ. ಕೆಮ್ಮಿದನೆಂದರೆ ಮುಗಿಯಿತು, ಒಂಬತ್ತಕ್ಕೆ ಅವನ ಫೋಟೋಗೆ ಹಾರ. ಒಂದರಲ್ಲಿ ಈಜು ಕಲಿಯುವ ಹುಡುಗನಿಗೆ ಮೌತ್ ಆರ್ಗನ್ ಕೊಟ್ಟು ಸತ್ತ. ಇನ್ನೊಂದರಲ್ಲಿ ಮಾರಿಹೋದ ಮನೆಯ ಬೀಗದ ಕೈಯನ್ನು ಮೊಮ್ಮಗಳಿಗೆ ಕೊಟ್ಟು ಸತ್ತ. ಅವನು ಸಾಯುವುದೂ ಹುಡುಗರಿಗೆ ಬುದ್ಧಿ ಬರಲಿ ಎಂಬ ಸದುದ್ದೇಶದಿಂದಲೇ. ನಾನಂತೂ ಪುಟದಲ್ಲಿ ತಾತನ ಪ್ರವೇಶವಾದೊಡನೆ ಕನ್ನಡಕ ತೆಗೆದು ಒರೆಸಿಕೊಂಡು, ಪಾಪ, ಎಷ್ಟು ಪುಟ ಇರುತ್ತಾನೋ ಎಂದುಕೊಂಡೇ ಮುಂದೆ ಹೋಗುತ್ತೇನೆ. ಎರಡನೆಯ ತಕರಾರು, ಇವುಗಳಲ್ಲಿ ಯಾರೂ ಯಾವ ಜೀವಕ್ಕೂ ಮೇವು ಹಾಕುವುದಿಲ್ಲ. ಕಾಫಿ ಕುಡಿಯುತ್ತಾರೆ, ಕಿಟಕಿಯಿಂದ ಹೊರಗೆ ನೋಡುತ್ತಾರೆ, ಮತ್ತೆ ಕಾಫಿ ಕುಡಿಯುತ್ತಾರೆ. ಹಸುವೊಂದು ಕೊಟ್ಟಿಗೆಯಲ್ಲಿ ಕೂಗುತ್ತಿದ್ದರೆ ಇಷ್ಟೊಂದು ಯೋಚಿಸಲು ಇವರಿಗೆ ಎಲ್ಲಿ ಆಗುತ್ತಿತ್ತು?

ಆದರೂ ಒಂದು ಕಾದಂಬರಿ ನನ್ನನ್ನು ಹಿಡಿದು ನಿಲ್ಲಿಸಿತು. ಪಟ್ಟಣದ ಎತ್ತರದ ಕಟ್ಟಡದಲ್ಲಿ ಒಬ್ಬಳೇ ವಾಸಿಸುವ ಹೆಂಗಸು. ಅವಳಿಗೆ ದಿನವೂ ಮೇಲಿನ ಮನೆಯ ಮಿಕ್ಸಿಯ ಸದ್ದೊಂದೇ ಜೊತೆ. ಒಂದು ದಿನ ಆ ಸದ್ದು ಬರುವುದಿಲ್ಲ, ಮರುದಿನವೂ ಇಲ್ಲ. ಎಂದೂ ಮುಖ ನೋಡದ ಆ ಮನೆಯವರಿಗೆ ಏನಾಯಿತೋ ಎಂದು ಅವಳು ಮೆಟ್ಟಿಲು ಹತ್ತಿ ಹೋಗಿ ಬೆಲ್ಲಿನ ಮೇಲೆ ಬೆರಳಿಡುವಲ್ಲಿಗೆ ಕಥೆ ಮುಗಿಯುತ್ತದೆ. ನಮ್ಮೂರಲ್ಲಿ ಬೆಲ್ಲಿಲ್ಲ, ಕೂಗಿಕೊಂಡೇ ಅಡುಗೆಮನೆಯವರೆಗೂ ಬರುತ್ತಾರೆ. ಹಾಗಿದ್ದೂ ಆ ಹೆಂಗಸು ನನಗೆ ಹೊಸಬಳೆನ್ನಿಸಲಿಲ್ಲ. ಸೊಪ್ಪು ಹೆಚ್ಚುವ ಸದ್ದು ನಿಂತ ಮನೆಯಲ್ಲಿ ನಾನೂ ಇದ್ದೇನಲ್ಲ.

ಅದನ್ನು ಮುಗಿಸಿದಾಗ ಯಾರಿಗಾದರೂ ಹೇಳಲೇಬೇಕೆನ್ನಿಸಿತು. ಚೈತ್ರ ಕಾಲೇಜಿನ ಕೆಲಸಕ್ಕೆಂದು ಕೋಲಾರಕ್ಕೆ ಹೋಗಿದ್ದಳು. ಹಾಲು ಕರೆಯುತ್ತಿದ್ದ ಸುಜಾತಳ ಪಕ್ಕ ಕೂತು ಇಡೀ ಕಥೆ ಹೇಳಿದೆ. ಅವಳು ಕೊನೆಯವರೆಗೂ ಗೌರವದಿಂದ ಕೇಳಿ, ಆ ಹೆಂಗಸಿಗೆ ಮದುವೆ ಆಗಿತ್ತಾ ಮಾವಾ ಎಂದಳು. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ನನ್ನ ಗೆಳೆಯ ಚೌಡಪ್ಪನಿಗೆ ಹೇಳಿದೆ. ಅವನು ಬೀಡಿ ಎಳೆದು, “ಏನ್ ಬಾವಾ, ಈ ವಯಸ್ಸಲ್ಲಿ ಹೆಣ್ಮಕ್ಕಳ ಪುಸ್ತಕ ಓದ್ತಾ ಕೂತಿದೀಯಾ. ಅದ್ರಲ್ಲಿ ಟೊಮೇಟೊ ರೇಟು ಏನಾದ್ರೂ ಬರ್ದವ್ರಾ?” ಎಂದ. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಮಗನಿಗೆ ಹೇಳೋಣವೆಂದು ಹೋದರೆ ಗೊರಕೆಯೇ ಉತ್ತರ ಕೊಟ್ಟಿತು.

ಇನ್ನು ನಾನು ತಿಂದ ಪೆಟ್ಟಿನ ವಿಷಯ. ಆಮೇಲೆ ಬಂದದ್ದು ಒಬ್ಬ ಹಾಡುವ ಹುಡುಗಿಯ ಕಥೆ. ಅವಳ ಊರಿನಲ್ಲಿ ಅವಳ ಹಾಡು ಯಾರಿಗೂ ಬೇಡ. ದೂರದ ಊರಿನ ಶಾಲೆಯೊಂದು ಕರೆದಿದೆ, ಕೈಯಲ್ಲಿ ಟಿಕೆಟ್ಟಿದೆ. ಹೋದರೆ ಕಾಯಿಲೆಯ ತಮ್ಮ ಒಂಟಿಯಾಗುತ್ತಾನೆ. ರೈಲು ಹತ್ತುತ್ತಾಳೋ ಇಲ್ಲವೋ ಎಂಬುದೇ ಮುನ್ನೂರು ಪುಟ. ಕೊನೆಗಳೇ ಸಿಗದೆ ಓದು ಕಲಿತ ನನಗೆ ಕೊನೆಯ ಮೇಲೆ ಆಸೆ ಜಾಸ್ತಿ. ಯಾವ ಪುಸ್ತಕ ಕೈಗೆ ಬಂದರೂ ಸ್ವಲ್ಪ ಓದಿ ಕೊನೆಯ ಪುಟಕ್ಕೆ ಹಾರಿ, ಕೊನೆ ಭದ್ರವಾಗಿ ಇದೆಯೆಂದು ಖಾತ್ರಿ ಮಾಡಿಕೊಂಡೇ ಹಿಂದಕ್ಕೆ ಬರುತ್ತೇನೆ. ಆ ದಿನವೂ ಹಾಗೇ ಮಾಡಿ, ಮಧ್ಯಾಹ್ನದ ಹೊತ್ತಿಗೆ ಉಳಿದದ್ದನ್ನೂ ಮುಗಿಸಿದೆ. ಎದೆ ತುಂಬಿ ಬಂತು. ಕೂರಲಾಗದೆ ಬಸ್‌ಸ್ಟಾಪಿಗೇ ನಡೆದೆ. ಚೈತ್ರಳ ಟಿಕೆಟ್ಟಿನ ಗುರುತು ಪುಸ್ತಕದ ನಡುವೆ ನಿಂತಿದ್ದದ್ದನ್ನು ನನ್ನ ಕಣ್ಣು ನೋಡಿತ್ತು, ಮನಸ್ಸು ನೋಡಿರಲಿಲ್ಲ. ಅವಳು ಬಸ್ಸಿನ ಮೆಟ್ಟಿಲಿಳಿಯುವ ಮೊದಲೇ ಹೇಳಿಬಿಟ್ಟೆ.

“ಹತ್ತಲಿಲ್ಲ ಕಣೇ ಅವಳು. ರೈಲು ಹೋಗ್ಬಿಡ್ತು.”

ಅವಳು ಕೂಗಾಡಲಿಲ್ಲ. ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, “ನಾನಿನ್ನೂ ಅರ್ಧದಲ್ಲಿದ್ದೆ ತಾತಾ. ಆ ಸ್ಟೇಷನ್ನಲ್ಲಿ ನಾನೇ ನಿಂತ್ಕೊಂಡು ನೋಡ್ಬೇಕು ಅಂತಿದ್ದೆ,” ಎಂದಳು. ಮನೆಯವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮರುದಿನದಿಂದ ಪುಸ್ತಕಗಳು ಅವಳ ಬ್ಯಾಗಿನಲ್ಲೇ ಕಾಲೇಜಿಗೆ ಹೋಗಿ ಬ್ಯಾಗಿನಲ್ಲೇ ಮರಳತೊಡಗಿದವು. ಊಟ ಬಡಿಸುತ್ತಿದ್ದಳು, ಕನ್ನಡಕ ಹುಡುಕಿಕೊಡುತ್ತಿದ್ದಳು, ತಾತಾ ಮಾತ್ರೆ ತಗೊಂಡ್ಯಾ ಎಂದು ಕೇಳುತ್ತಿದ್ದಳು. ಪುಸ್ತಕದ ಮಾತು ಮಾತ್ರ ಎತ್ತಲಿಲ್ಲ. ಅದು ಕೋಪವಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಮರ್ಯಾದೆಯನ್ನು ಏನು ಮಾಡುವುದು? ಎರಡು ದಿನಕ್ಕೆ ಸರಿಹೋಗುತ್ತಾಳೆ ಬಿಡಿ ಎಂದಳು ಸುಜಾತ. ಎರಡು ದಿನ ಕಳೆದವು, ಒಂದು ಬೆಳೆ ಹುಳುವೂ ಗೂಡು ಕಟ್ಟಿ ಮಾರುಕಟ್ಟೆಗೆ ಹೋಯಿತು. ಪರೀಕ್ಷೆ ಮುಗಿದರೆ ಅವಳು ಡಿಗ್ರಿ ಓದಲು ಕೋಲಾರದ ಹಾಸ್ಟೆಲ್ಲಿಗೆ ಹೋಗುವವಳು. ಒಂದೇ ಪುಸ್ತಕದೊಳಗೆ ಟಿಕೆಟ್ಟೂ ಎಲೆಯೂ ಇರುವ ಕಾಲ ಅಷ್ಟರೊಳಗೆ ಮತ್ತೆ ಬರದಿದ್ದರೆ ಇನ್ನೆಂದೂ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಓದಲು ಏನೂ ಇಲ್ಲದೆ ಸುಣ್ಣದ ಚೀಲದ ಮೇಲಿನ ಬರಹ ಓದಿದೆ, ಹೋದ ವರ್ಷದ ಲಗ್ನಪತ್ರಿಕೆಗಳನ್ನು ಓದಿದೆ. ಲಗ್ನಪತ್ರಿಕೆಯಲ್ಲಿ ಪಾತ್ರಗಳು ಹೆಚ್ಚು, ಘಟನೆ ಒಂದೇ. ಕೊನೆಯೂ ಮೊದಲೇ ಗೊತ್ತಿರುತ್ತದೆ.

ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರಕ್ಕೆ ಕೂತಿತು. ರೇಷ್ಮೆ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳು ಬೆಳೆಯುವಾಗ ನಡುನಡುವೆ ಹಳೆಯ ಚರ್ಮ ಕಳಚಲೆಂದು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಧ್ಯಾನಕ್ಕೆ ಕೂತ ಹಾಗೆ ಕೂರುತ್ತದೆ. ಅದನ್ನೇ ನಾವು ಜ್ವರ ಎನ್ನುವುದು. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಮಳೆ ಬಿದ್ದಂತೆ ಸೊಪ್ಪು ಮೇಯುವ ಸದ್ದಿನಿಂದ ತುಂಬಿದ್ದ ಹುಳುಮನೆ ಒಮ್ಮೆಗೇ ಮೌನವಾಗುತ್ತದೆ. ನನ್ನ ಓದಿನ ಕಾಲವೂ ಅದೇ ಆಗಿತ್ತು. ಈ ಸಲ ಕೈಯಲ್ಲಿ ಪುಸ್ತಕವಿಲ್ಲದೆ ಸ್ಟೂಲಿನ ಮೇಲೆ ಕೂತು ಹುಳುಗಳನ್ನೇ ನೋಡಿದೆ.

ಕೆಲವು ಮೊದಲೇ ಎದ್ದಿದ್ದವು. ಹೊಸ ಚರ್ಮ, ಹೊಸ ಹಸಿವು. ಸೊಪ್ಪಿಗಾಗಿ ತಲೆ ಆಡಿಸುತ್ತಾ ಹುಡುಕಾಡುತ್ತಿದ್ದವು. ಆದರೂ ಹಾಕುವಂತಿಲ್ಲ. ಎದ್ದವಕ್ಕೆ ಮೊದಲೇ ಹಾಕಿಬಿಟ್ಟರೆ ಅವು ಕೊಬ್ಬುತ್ತವೆ; ಇನ್ನೂ ಜ್ವರದಲ್ಲಿರುವವು ಸೊಪ್ಪಿನ ಅಡಿಗೆ ಸಿಕ್ಕಿ ಸೊರಗುತ್ತವೆ. ಒಂದೇ ತಟ್ಟೆಯಲ್ಲಿ ಎರಡು ಬೆಳೆಯಾಗಿ, ಗೂಡು ಕಟ್ಟುವ ಹೊತ್ತಿಗೆ ಮನೆಯವರ ಫಜೀತಿ. ಹಿಂದಿನವು ಏಳುವತನಕ ಮುಂದಿನವು ಕಾಯಬೇಕು. ಇದನ್ನು ನಾನು ಕಲಿತದ್ದು ಮೀಸೆ ಮೂಡುವ ಮೊದಲು. ಹುಳುವಿನ ವಿಷಯದಲ್ಲಿ ಒಂದು ಸಲವೂ ತಪ್ಪಿದವನಲ್ಲ. ಪುಸ್ತಕದ ವಿಷಯದಲ್ಲಿ ಮಾತ್ರ, ನಾನು ಎದ್ದೆನೆಂದು, ಇನ್ನೂ ಅರ್ಧದಲ್ಲಿ ತಲೆ ಎತ್ತಿ ಕೂತಿದ್ದ ಹುಡುಗಿಯ ಮೇಲೆ ಕಟ್ಟುಗಟ್ಟಲೆ ಸೊಪ್ಪು ಸುರಿದಿದ್ದೆ.

ಹೀಗೆ ಯೋಚಿಸುತ್ತಾ ಕೂತಿರುವಾಗ ಸಂಜೆಯ ಬಸ್ಸಿನ ಹಾರನ್ ಕೇಳಿತು. ಸ್ವಲ್ಪ ಹೊತ್ತಿಗೆ ಹುಳುಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಚೈತ್ರ. ಬ್ಯಾಗು ಹೆಗಲಲ್ಲೇ ಇತ್ತು, ಮುಖ ಕೆಂಪಾಗಿತ್ತು, ಪುಸ್ತಕವೊಂದನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅಡುಗೆಮನೆಗೆ ಹೋಗದೆ ನೇರ ಇಲ್ಲಿಗೇ ಬಂದಿದ್ದಳು.

“ತಾತಾ, ಅವರಪ್ಪ ಪಕ್ಕದೂರಲ್ಲೇ ಇದ್ದ. ಅಷ್ಟು ವರ್ಷ. ಒಂದು ಚಿಕ್ಕ ಹೋಟ್ಲು ಇಟ್ಕೊಂಡು. ಆ ಹುಡುಗ ದೇಶ ಎಲ್ಲಾ ಹುಡುಕಿ ಬಂದು, ಅಲ್ಲೇ ಕೂತು ಟೀ ಕೇಳ್ತಾನೆ ತಾತಾ.”

ಯಾವ ಅಪ್ಪ, ಯಾವ ಹುಡುಗ ಎಂದು ನನಗೇನು ಗೊತ್ತು? ಆದರೆ ಆ ಮುಖ ನನಗೆ ಗೊತ್ತಿತ್ತು. ಅದು ಮುಗಿದ ಪುಸ್ತಕವನ್ನು ಎಲ್ಲಿಡಬೇಕೆಂದು ತಿಳಿಯದ ಮುಖ. ಕಾಲೇಜಿನ ಗೆಳತಿಯರೆಲ್ಲ ಬಸ್ಸಿನಲ್ಲಿ ಮೊಬೈಲು ನೋಡುತ್ತಿದ್ದಿರಬೇಕು. ಮುಳಬಾಗಿಲಿನಿಂದ ಇಲ್ಲಿಯವರೆಗೆ ಆ ಹುಡುಗ, ಆ ಹೋಟೆಲು, ಆ ಟೀ ಅವಳೊಬ್ಬಳ ಎದೆಯೊಳಗೇ ಕುದಿಯುತ್ತಾ ಬಂದಿದ್ದವು. ಇಷ್ಟು ದಿನ ಬಾಯಿ ಬಿಡದಿದ್ದವಳು ಉಕ್ಕಿ ಸುರಿದುಬಿಟ್ಟಿದ್ದಳು. ನನಗೆ ಗೊತ್ತಿಲ್ಲದಂತೆ ನನ್ನ ಬಾಯಿಂದ ಒಂದು ಪದ ಹೊರಟಿತು.

“ಆಮೇಲೆ?”

ಅಷ್ಟು ವರ್ಷ ಕೇಳಿಸಿಕೊಂಡ ಪದವನ್ನು ನಾನು ಆಡಿದ್ದು ಅದೇ ಮೊದಲು. ಸೊಪ್ಪು ಹೆಚ್ಚುತ್ತಾ ಕೂತಿದ್ದವಳು ನನಗೆ ಕೊಡುತ್ತಿದ್ದದ್ದು ಏನೆಂಬುದು ಆಗ ತಿಳಿಯಿತು. ಕೊನೆಗಳನ್ನು ಕಟ್ಟಿಕೊಟ್ಟು ನಾನೇ ದೊಡ್ಡ ದಾನಿಯೆಂದುಕೊಂಡಿದ್ದೆ. ಪೋಸ್ಟ್‌ಮಾಸ್ಟರಾದ ನಾಯಕಿಯನ್ನು ಅವಳು ನಂಬಿದ್ದಳೋ ಇಲ್ಲವೋ, ನನ್ನನ್ನಂತೂ ಆ ಪದದಿಂದ ಸಾಕಿದ್ದಳು.

ಚೈತ್ರ ಹೇಳುತ್ತಾ ಹೋದಳು. ಟೀ ತಂದಿಟ್ಟ ಅಪ್ಪನಿಗೆ ಹುಡುಗನ ಗುರುತು ಹತ್ತುವ ಜಾಗಕ್ಕೆ ಬಂದು ಥಟ್ಟನೆ ನಿಂತಳು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯೋ ತಾತಾ. ನೀನು ಇದನ್ನ ಓದೇ ಇಲ್ಲ ಅಲ್ವಾ?”

“ಇನ್ನೇನು ಓದೋದು ಬಿಡು. ರೈಲಿನ ಲೆಕ್ಕ ಚುಕ್ತಾ ಆಯ್ತು,” ಎಂದೆ.

ಅವಳು ನಗತೊಡಗಿದಳು. ಹುಳು ಜ್ವರದಲ್ಲಿವೆ, ಮೆಲ್ಲಗೆ ಕಣೇ ಎಂದರೂ ಕೇಳದೆ ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ನಾನೂ ನಕ್ಕೆ. ಸುಜಾತ ಬಂದು ಇಣುಕಿ, ತಾತ ಮೊಮ್ಮಗಳಿಗೆ ಏನಾಯಿತೆಂದು ನೋಡಿ ಹೋದಳು. ಹುಳುಗಳು ಮಾತ್ರ ತಲೆ ಎತ್ತಿ ಕೂತೇ ಇದ್ದವು.

ಇವತ್ತು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಅವಳು ನಾವೀಗ ಓದುತ್ತಿರುವ ಹೊಸ ಕಾದಂಬರಿಯನ್ನು ತಂದು ನನ್ನ ಮುಂದಿಟ್ಟಳು. ಇಬ್ಬರೂ ಸರದಿಯ ಮೇಲೆ ಓದುತ್ತಾ ನಿನ್ನೆಗೆ ಕೊನೆಯ ಅಧ್ಯಾಯದ ಬಾಗಿಲಿಗೆ ಬಂದಿದ್ದೆವು. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಒಟ್ಟು ಸೇರಿಸಿ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ಹಾಕಿದ್ದಳು. ಒಂದು ನೀಲಿ, ಒಂದು ಗುಲಾಬಿ. ತಾನೂ ಅದನ್ನು ಓದಿಲ್ಲವೆಂದೂ, ಸಂಜೆ ಬಂದ ಮೇಲೆ ಒಬ್ಬರು ಗಟ್ಟಿಯಾಗಿ ಓದಬೇಕೆಂದೂ, ಇನ್ನೊಬ್ಬರು ಕೇಳಬೇಕೆಂದೂ ಹೇಳಿದಳು. “ನೀನು ಮುಟ್ಟಿದ್ರೆ ನಂಗೆ ಗೊತ್ತಾಗುತ್ತೆ,” ಎಂದು ಬೆರಳು ತೋರಿಸಿ ಬಸ್ಸಿಗೆ ಓಡಿದಳು.

ಮುಂದಿನ ವರ್ಷ ಈ ಹೊತ್ತಿಗೆ ಅವಳು ಹಾಸ್ಟೆಲ್ಲಿನಲ್ಲಿರುತ್ತಾಳೆ. ಸಂಜೆಯ ಬಸ್ಸಿಗೆ ಹಾರನ್ ಇರುತ್ತದೆ, ಇಳಿಯುವವಳು ಇರುವುದಿಲ್ಲ. ಅದು ಗೊತ್ತಿದೆ. ಗೊತ್ತಿದ್ದೂ ಮಧ್ಯಾಹ್ನದಿಂದ ಎಷ್ಟು ಸಲ ಎದ್ದು ಕಿಟಕಿಯ ಬಳಿ ಹೋಗಿ ಬಂದೆನೋ. ಪುಸ್ತಕ ಅಲ್ಲೇ ಇದೆ, ಕಿಟಕಿಯ ಮೇಲೆ, ಅರ್ಧ ಓದಿದ ಪುಸ್ತಕಗಳ ಜಾಗದಲ್ಲಿ. ಕ್ಲಿಪ್ಪಿನ ಈಚೆ, ಒಂದೇ ಪುಟದ ನಡುವೆ, ಅವಳ ಬಸ್ ಟಿಕೆಟ್ಟೂ ನನ್ನ ಒಣ ಎಲೆಯೂ ಒಂದರ ಮೇಲೊಂದು ಮಲಗಿವೆ. ಕೊನೆಯ ಪುಟವನ್ನು ಮೊದಲು ನೋಡದೆ ನಾನು ಇಷ್ಟು ದೂರ ಬಂದ ಪುಸ್ತಕ ಇದೊಂದೇ. ಇದರಲ್ಲೂ ಒಬ್ಬ ತಾತನಿದ್ದಾನೆ. ಹಿಂದಿನ ಅಧ್ಯಾಯದಲ್ಲಿ ಸ್ವಲ್ಪ ಕೆಮ್ಮಿದ, ಆದರೆ ಬದುಕಿದ್ದಾನೆ. ಕ್ಲಿಪ್ಪಿನಾಚೆ ಅವನಿಗೇನಾಗುತ್ತದೋ ನನಗೂ ಗೊತ್ತಿಲ್ಲ, ಚೈತ್ರಳಿಗೂ ಗೊತ್ತಿಲ್ಲ. ಬಸ್ಸು ಬರಲಿ.